ಪಿಎಂಪಿ ರಿನ್ಯೂ ಆದ ಮೇಲೆ: ದುಡ್ಡಿಗೆ ತಕ್ಕ ಉಪಯೋಗ ಇದೆಯಾ?

ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ರಾಜೆಕ್ಟ್ ಕೆಲಸ ನನ್ನದು. ಹೊಸ ಮೆಷಿನ್ ಕೂರಿಸುವುದು, ಲೈನ್ ಬದಲಿಸುವುದು, ಇಂಥವು. ಪ್ರಾಜೆಕ್ಟ್ ನಡೆಸುವವರಿಗೆ ಪಿಎಂಐ ಅನ್ನುವ ಸಂಸ್ಥೆ ಕೊಡುವ ಪಿಎಂಪಿ ಸರ್ಟಿಫಿಕೇಟ್‌ನ ಪರೀಕ್ಷೆ ಪಾಸಾಗಿ, ಅದರ ಮೂರು ವರ್ಷದ ಅವಧಿ ಮುಗಿದು, ಈಗ ರಿನ್ಯೂ ಕೂಡ ಆಗಿದೆ. ಪಾಸಾದ ಖುಷಿಯಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಆಮೇಲೆ ಅದು ಕೆಲಸಕ್ಕೆ ಬಂತಾ ಅಂತ ಬರೆಯುವವರು ಕಡಿಮೆ.

ನಾನು ಅರ್ಜಿ ಹಾಕಿದಾಗ ಬಿಇ ಆದವರಿಗೆ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ, 35 ಗಂಟೆ ತರಬೇತಿ ಬೇಕಿತ್ತು. ಅರ್ಜಿಯಲ್ಲಿ ಪ್ರತಿ ಪ್ರಾಜೆಕ್ಟ್‌ನ ಉದ್ದೇಶ, ನಿಮ್ಮ ಪಾತ್ರ, ಫಲಿತಾಂಶ ಬರೆಯಬೇಕು. ಕೆಲವರ ಅರ್ಜಿ ಆಡಿಟ್‌ಗೆ ಹೋಗುತ್ತದೆ. ಆಗ ಹಳೇ ಮ್ಯಾನೇಜರ್‌ಗಳಿಂದ ದೃಢೀಕರಣ ತರಬೇಕು. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ತರಬೇತಿ ಮಾತ್ರ ಬೇಸರ ತರಿಸಿತು. ಸೇರುವವರೆಗೆ ತರಬೇತಿ ಸಂಸ್ಥೆಯಿಂದ ದಿನಾ ಫೋನ್, 'ಫೇಲಾದ್ರೆ ದುಡ್ಡು ವಾಪಸ್ ಸರ್' ಅನ್ನುವ ಮಾತು. ವಾಪಸ್ ಕೊಡುವ ಷರತ್ತುಗಳು ಓದಿದರೆ ಯಾರಿಗೂ ಸಿಗುವ ಹಾಗಿರಲಿಲ್ಲ. ವಾರಾಂತ್ಯದ ಕ್ಲಾಸಿನಲ್ಲಿ ಸುಮ್ನೆ ಸ್ಲೈಡ್ ಓದಿದರು. ನಾನು ಕಲಿತದ್ದೆಲ್ಲ ಮಾಕ್ ಟೆಸ್ಟ್‌ಗಳ ವಿವರಣೆ ಓದಿ.

ನಾನು ಬರೆದಾಗ ಪರೀಕ್ಷೆಯಲ್ಲಿ 180 ಪ್ರಶ್ನೆ, 230 ನಿಮಿಷ ಇತ್ತು. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ. 'ಗ್ರಾಹಕರು ನಿಮ್ಮ ಟೀಮಿನವರ ಹತ್ತಿರ ನೇರವಾಗಿ ಬಂದು ಚಿಕ್ಕ ಬದಲಾವಣೆ ಕೇಳಿದ್ದಾರೆ, ನೀವು ಮೊದಲು ಏನು ಮಾಡುತ್ತೀರಿ?' ಇಂಥವೇ ಜಾಸ್ತಿ. ಈ 'ಮೊದಲು' ಅನ್ನುವುದೇ ನನಗೆ ಇಡೀ ಕೋರ್ಸಿನ ತಿರುಳು.

ನಮ್ಮಲ್ಲಿ ಪ್ರೊಡಕ್ಷನ್‌ನವರು ಫಿಟ್ಟರ್ ಹತ್ತಿರ ಬಂದು 'ಕನ್ವೇಯರ್ ಅರ್ಧ ಅಡಿ ಆ ಕಡೆ ಜರುಗಿಸಪ್ಪಾ' ಅಂದುಬಿಡುತ್ತಿದ್ದರು. ಅರ್ಧ ಅಡಿ ಜರುಗಿದರೆ ಏರ್ ಲೈನ್ ಬದಲಾಗಬೇಕು, ಕೇಬಲ್ ಟ್ರೇ ಮತ್ತೆ ಕತ್ತರಿಸಬೇಕು, ಸೇಫ್ಟಿ ಗಾರ್ಡ್ ಹೊಸದಾಗಿ ಮಾಡಿಸಬೇಕು. ಈಗ ಅದಕ್ಕೆ ಒಂದು ಪುಟದ ಫಾರಂ ಇದೆ: ಎಷ್ಟು ದಿನ ತಡ, ಎಷ್ಟು ಖರ್ಚು, ಯಾರ ಒಪ್ಪಿಗೆ. ಅದನ್ನು ತುಂಬಲು ಕೂತಾಗಲೇ ಅರ್ಧ ಬೇಡಿಕೆಗಳು ಬಿದ್ದುಹೋಗುತ್ತವೆ. ಜಗಳವೂ ಇಲ್ಲ. ರಿಸ್ಕ್ ಪಟ್ಟಿಯೂ ಹಾಗೇ. 'ಪ್ಯಾನೆಲ್ ತಡವಾಗಬಹುದು' ಅಂತ ಬರೆದು ಬಿಡುವುದಲ್ಲ, ಪಕ್ಕದಲ್ಲಿ ಒಬ್ಬರ ಹೆಸರಿರಬೇಕು. ಹೆಸರಿದ್ದರೆ ಸಪ್ಲೈಯರ್‌ಗೆ ಫೋನ್ ಹೋಗುತ್ತದೆ.

ಸಂಬಳ? ಅದರಿಂದಲೇ ಏರಿತು ಅನ್ನಲಾರೆ. ದೊಡ್ಡ ಕಂಪನಿಗಳ ಎಚ್‌ಆರ್ ಕರೆಗಳು ಹೆಚ್ಚಾದವು. ಸಣ್ಣ ಫ್ಯಾಕ್ಟರಿಗಳಲ್ಲಿ ಅದನ್ನು ಕೇಳುವವರೇ ಇಲ್ಲ.

ರಿನ್ಯೂಗೆ ಮೂರು ವರ್ಷದಲ್ಲಿ 60 ಪಿಡಿಯು (ಕಲಿಕೆಗೆ, ವೃತ್ತಿಯ ಕೆಲಸಕ್ಕೆ ಸಿಗುವ ಅಂಕ) ಬೇಕು, ಶುಲ್ಕ ಬೇರೆ. ವೆಬಿನಾರ್ ನೋಡಿದರೆ ಸಿಗುತ್ತವೆ, ದಿನದ ಕೆಲಸಕ್ಕೂ ಒಂದಿಷ್ಟು ಲೆಕ್ಕ ಇದೆ. ಕೊನೇ ತಿಂಗಳಿಗೆ ಉಳಿಸಿಕೊಳ್ಳಬೇಡಿ.

ಒಂದೆರಡು ಪ್ರಾಜೆಕ್ಟ್ ಹೊತ್ತು ಸುಸ್ತಾದವರಿಗೆ ಇದು ನಿಜಕ್ಕೂ ಒಳ್ಳೆಯದು. ಹೊಸಬರಿಗೆ ಈಗಲೇ ಬೇಡ. ಅನುಭವ ಕೇಳದ, ಪಿಎಂಐನದೇ ಸಿಎಪಿಎಂ ಸರ್ಟಿಫಿಕೇಟ್ ಇದೆ, ಅದು ಸಾಕು. ಪರೀಕ್ಷೆಯ ಪಠ್ಯ ಆಗಾಗ ಬದಲಾಗುವುದರಿಂದ ದುಡ್ಡು ಕಟ್ಟುವ ಮುಂಚೆ ಪಿಎಂಐ ತಾಣದಲ್ಲಿ ಎಕ್ಸಾಮ್ ಕಂಟೆಂಟ್ ಔಟ್‌ಲೈನ್ ಇಳಿಸಿಕೊಳ್ಳಿ, ಅದರ ಪ್ರಕಾರವೇ ಕ್ಲಾಸ್ ನಡೆಯುತ್ತದಾ ಅಂತ ಕೇಳಿ.