‘ನೂರಕ್ಕೆ ನೂರು ವರ್ಕಿಂಗ್’ ಇಎಫ್‌ಐ ಫೋಲ್ಡರ್‌ಗೆ ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಹ್ಯಾಕಿಂಟಾಷ್‌ಗೆ (ಮಾಮೂಲಿ ಪಿಸಿಯಲ್ಲಿ ಆ್ಯಪಲ್‌ನ ಮ್ಯಾಕ್‌ಓಎಸ್ ಓಡಿಸೋದು) ರೆಡಿಮೇಡ್ ಇಎಫ್‌ಐ, ಅಂದರೆ ಅದನ್ನು ಬೂಟ್ ಮಾಡಿಸೋ ಫೈಲುಗಳ ಫೋಲ್ಡರ್, ಮಾರುವವರಿಗೆ ಬಿಡಿಗಾಸೂ ಕೊಡಬೇಡಿ. ನಾನು ಕೊಟ್ಟೆ. ಆ ಫೋಲ್ಡರ್‌ನಲ್ಲಿ ಕೂತು ಬೂಟ್ ಮಾಡಿಸೋ ಓಪನ್‌ಕೋರ್ ಸಾಫ್ಟ್‌ವೇರ್ ಗೊತ್ತಿದ್ದೂ, ಸಮಯ ಉಳಿಯುತ್ತೆ ಅಂತ ಕೊಟ್ಟೆ. ನಾಚಿಕೆ ಇರೋದು ಅದಕ್ಕೇ.

"ಬೋರ್ಡ್ ಹೆಸರು ಕಳಿಸಿ ಸರ್, ಹತ್ತು ನಿಮಿಷದಲ್ಲಿ ಫೈಲ್ ಬರುತ್ತೆ" ಅಂದ ಮಾರುವವನು. ಹತ್ತು ನಿಮಿಷ! ಎಸಿಪಿಐ ಡಂಪ್ (ಬೋರ್ಡಿನ ಹಾರ್ಡ್‌ವೇರ್ ವಿವರ) ಕೇಳಲಿಲ್ಲ, ನೆಟ್‌ವರ್ಕ್ ಚಿಪ್ ಯಾವುದು ಅಂತ ಕೇಳಲಿಲ್ಲ, ಬಯೋಸ್‌ನಲ್ಲಿ ಏನೇನು ಆನ್ ಇದೆ ಅಂತಲೂ ಕೇಳಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು.

ಮಷೀನ್ ಏನೂ ವಿಚಿತ್ರದ್ದಲ್ಲ. ಐ5-10400, ಝಡ್490 ಬೋರ್ಡ್, ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್, ಮ್ಯಾಕ್‌ಓಎಸ್ ಸೊನೋಮಾ. ಬೂಟ್ ಆಯ್ತು, ಗ್ರಾಫಿಕ್ಸ್ ಬಂತು, ಸೌಂಡ್ ಬಂತು. ನಾನು ಖುಷಿಯಲ್ಲಿ ‘ಅಬೌಟ್ ದಿಸ್ ಮ್ಯಾಕ್’ ಸ್ಕ್ರೀನ್‌ಶಾಟ್ ಅವನಿಗೆ ಕಳಿಸಿದ್ದೂ ಆಯ್ತು. ಆಮೇಲೆ ನೋಡಿದರೆ ನೆಟ್ ಇಲ್ಲ.

"ರೂಟರ್ ಆಫ್ ಮಾಡಿ ಆನ್ ಮಾಡಿ ಸರ್."

ಮಾಡಿದೆ.

"ಕೇಬಲ್ ಬದಲಾಯಿಸಿ ಸರ್. ಡಿಎನ್‌ಎಸ್ 8.8.8.8 ಹಾಕಿ."

ಐಪಿ ಅಡ್ರೆಸ್ಸೇ ಬರದ ಮಷೀನ್‌ಗೆ ಡಿಎನ್‌ಎಸ್ ಹಾಕಿ ಏನು ಉಪಯೋಗ? ಅದೇ ವಿಂಡೋಸ್‌ನಲ್ಲಿ ಅದೇ ಕೇಬಲ್, ಅದೇ ಪೋರ್ಟ್ ಸರಿಯಾಗಿ ಓಡುತ್ತಿದೆ ಅಂದೆ. ಉತ್ತರ: "ನಿಮ್ಮದು ಇಂಟೆಲ್ ಪೋರ್ಟ್ ತಾನೇ? ಇಂಟೆಲ್‌ಮೌಸಿ ಹಾಕಿದ್ದೀನಲ್ಲ."

ಈ ಒಂದು ಮಾತಿನಲ್ಲೇ ಅವನ ಬಂಡವಾಳ ಬಯಲಾಯ್ತು. ಇಂಟೆಲ್‌ಮೌಸಿ ಅನ್ನೋ ನೆಟ್‌ವರ್ಕ್ ಡ್ರೈವರ್ ಇರೋದು ಐ217, ಐ218, ಐ219 ತರಹದ ಹಳೆಯ ಗಿಗಾಬಿಟ್ ಚಿಪ್‌ಗಳಿಗೆ. ನನ್ನ ಬೋರ್ಡಿನಲ್ಲಿರೋದು 2.5 ಗಿಗಾಬಿಟ್‌ನ ಐ225-ವಿ. ಇಂಟೆಲ್ ಅನ್ನೋ ಹೆಸರು ಬಿಟ್ಟರೆ ಎರಡಕ್ಕೂ ಸಂಬಂಧವೇ ಇಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಾರ್ಡ್‌ವೇರ್ ಐಡಿ ತೆಗೆದು ನೋಡಿ: ವೆಂಡರ್ 8086, ಡಿವೈಸ್ 15ಎಫ್3 ಅಂತಿದ್ದರೆ ಅದು ಐ225-ವಿ. ನೋಡೋಕೆ ಒಂದು ನಿಮಿಷ ಸಾಕು. ದುಡ್ಡು ತಗೊಂಡವನು ಅದನ್ನೂ ಕೇಳಲಿಲ್ಲ.

ಆಮೇಲೆ ಒಂದು ಕೆಕ್ಸ್ಟ್ (ಮ್ಯಾಕ್‌ಓಎಸ್‌ನ ಡ್ರೈವರ್ ಫೈಲ್) ಕಳಿಸಿ "ಕೆಕ್ಸ್ಟ್ಸ್ ಫೋಲ್ಡರ್‌ಗೆ ಹಾಕಿ ರೀಸ್ಟಾರ್ಟ್ ಮಾಡಿ" ಅಂದ. ಫೋಲ್ಡರ್‌ನಲ್ಲಿ ಫೈಲ್ ಇಟ್ಟ ಮಾತ್ರಕ್ಕೆ ಓಪನ್‌ಕೋರ್ ಅದನ್ನು ಲೋಡ್ ಮಾಡಲ್ಲ. ಕಾನ್ಫಿಗ್ ಫೈಲಿನ ಕರ್ನೆಲ್, ಆ್ಯಡ್ ವಿಭಾಗದಲ್ಲಿ ಅದರ ನಮೂದು ಇರಬೇಕು, ಎನೇಬಲ್ಡ್ ಅಂತ ಇರಬೇಕು. ಪ್ರಾಪರ್‌ಟ್ರೀ ಅನ್ನೋ ಕಾನ್ಫಿಗ್ ಎಡಿಟರ್‌ನಲ್ಲಿ ‘ಓಸಿ ಸ್ನ್ಯಾಪ್‌ಶಾಟ್’ ಒತ್ತಿದರೆ ತಾನಾಗೇ ಸೇರುತ್ತೆ. ಇದು ಮೊದಲ ದಿನದ ಪಾಠ, ಮಾರಾಟಗಾರನಿಗೇ ಗೊತ್ತಿಲ್ಲ.

ಸರಿ ಅಂತ ಇಎಫ್‌ಐ ಮೌಂಟ್ ಮಾಡಿ ಒಳಗೆ ನೋಡಿದೆ. ರಿಯಲ್‌ಟೆಕ್ 8111ರ ಡ್ರೈವರ್, 8125ರ ಡ್ರೈವರ್, ಅಥೆರೋಸ್ ಡ್ರೈವರ್, ಇಂಟೆಲ್‌ಮೌಸಿ, ಎಲ್ಲವನ್ನೂ ಮೂಟೆ ಕಟ್ಟಿದ್ದಾನೆ. ಯಾವುದಾದರೂ ಒಂದು ತಗುಲಿಕೊಳ್ಳಲಿ ಅಂತ. ಕಾನ್ಫಿಗ್‌ನ ಡಿವೈಸ್ ಪ್ರಾಪರ್ಟೀಸ್‌ ವಿಭಾಗದಲ್ಲಿ ಐ225ಕ್ಕೆ ಅಂತ ಹಳೆಯ ಡಿವೈಸ್ ಐಡಿ ವೇಷವೂ (ಎಫ್2150000) ಇದೆ, ಅಂದರೆ 15ಎಫ್3 ಅನ್ನು 15ಎಫ್2 ಅಂತ ತೋರಿಸೋದು. ಆದರೆ ಪಿಸಿಐ ದಾರಿ (ಬೋರ್ಡಿನಲ್ಲಿ ಚಿಪ್ ಇರೋ ವಿಳಾಸ) ಬೇರೆ ಯಾವುದೋ ಬೋರ್ಡಿನದು. ನನ್ನ ಪೋರ್ಟ್ ಇರೋದು 0ಎಕ್ಸ್1ಸಿ, 0ಎಕ್ಸ್1ರಲ್ಲಿ. ಅವನು ಬರೆದಿರೋದು 0ಎಕ್ಸ್1ಸಿ, 0ಎಕ್ಸ್4. ಇಲ್ಲದ ಮನೆಗೆ ಬಣ್ಣ ಬಳಿದ ಹಾಗೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಈಥರ್ನೆಟ್’ ಅಂತ ಒಂದು ಸಾಲು ಇತ್ತು. ಅದನ್ನು ತೋರಿಸಿಯೇ "ಡ್ರೈವರ್ ಲೋಡ್ ಆಗಿದೆ ಸರ್, ನಿಮ್ಮ ಲೈನ್ ಪ್ರಾಬ್ಲಂ" ಅಂತ ವಾದ ಮಾಡುತ್ತಿದ್ದ. ಕೇಬಲ್ ಹಾಕಿದರೂ ತೆಗೆದರೂ ಆ ಸಾಲು ಇದ್ದ ಹಾಗೇ ಇತ್ತು. ಹಾರ್ಡ್‌ವೇರ್ ಟ್ಯಾಬ್ ತೆರೆದೆ. ಮ್ಯಾಕ್ ಅಡ್ರೆಸ್ (ಪೋರ್ಟಿನ ಗುರುತಿನ ಸಂಖ್ಯೆ): 11:22:33:44:55:66.

ಆ ಸಂಖ್ಯೆ ನೋಡಿ ಒಂದು ಕ್ಷಣ ನಗು ಬಂತು, ಆಮೇಲೆ ಮೈ ಉರಿದುಹೋಯ್ತು. ಅದು ನಲ್‌ಈಥರ್ನೆಟ್. ಈಥರ್ನೆಟ್ ಪೋರ್ಟೇ ಇಲ್ಲದ ಮಷೀನ್‌ಗೆ ಇಎನ್0 (ಮ್ಯಾಕ್‌ಓಎಸ್ ಮೊದಲ ನೆಟ್‌ವರ್ಕ್ ಪೋರ್ಟಿಗೆ ಕೊಡೋ ಹೆಸರು) ಅನ್ನೋ ಹೆಸರಿಗೊಂದು ಸುಳ್ಳು ಪೋರ್ಟ್ ಸೃಷ್ಟಿಸೋ ಕೆಕ್ಸ್ಟ್. ಅದಕ್ಕೆ ನ್ಯಾಯವಾದ ಉಪಯೋಗ ಇದೆ, ಆ್ಯಪಲ್ ಐಡಿ ಸೇವೆಗಳು ಇಎನ್0 ಬಿಲ್ಟ್-ಇನ್ ಆಗಿರಬೇಕು ಅಂತ ಬಯಸುತ್ತವೆ. ಆದರೆ ಬೋರ್ಡಿನಲ್ಲಿ ನಿಜವಾದ ಪೋರ್ಟ್ ಇರುವಾಗ ಗೊಂಬೆ ನಿಲ್ಲಿಸಿ "ಪೋರ್ಟ್ ಇದೆ" ಅನ್ನೋದು ಮೋಸ ಅಲ್ಲದೆ ಇನ್ನೇನು?

ಸರಿಪಡಿಸಿದ್ದು ಹೀಗೆ. ಮೊದಲು ಬೂಟ್ ಆಗುತ್ತಿರೋದು ಪೆನ್‌ಡ್ರೈವಿನ ಇಎಫ್‌ಐಯಿಂದಲೋ ಎಸ್‌ಎಸ್‌ಡಿಯದರಿಂದಲೋ ಖಚಿತ ಮಾಡಿಕೊಳ್ಳಿ, ಎಷ್ಟೋ ಜನ ಒಂದನ್ನು ತಿದ್ದಿ ಇನ್ನೊಂದರಿಂದ ಬೂಟ್ ಮಾಡಿ ತಲೆ ಚಚ್ಚಿಕೊಳ್ಳುತ್ತಾರೆ. ನಲ್‌ಈಥರ್ನೆಟ್ ತೆಗೆದೆ, ಅದರ ಜೊತೆಗಿದ್ದ ಎಸ್‌ಎಸ್‌ಡಿಟಿ ಅನ್ನೋ ಎಸಿಪಿಐ ಫೈಲನ್ನೂ ತೆಗೆದೆ. ಬೇಡದ ನೆಟ್‌ವರ್ಕ್ ಕೆಕ್ಸ್ಟ್ ಎಲ್ಲ ಹೊರಗೆ. ಡಿವೈಸ್ ಐಡಿ ವೇಷ ಹೊರಗೆ. ಐ225ರ ಡ್ರೈವರ್ ಆದ ಆ್ಯಪಲ್‌ಐಜಿಸಿ ಕೆಕ್ಸ್ಟ್ ಹಾಕಿ ಸ್ನ್ಯಾಪ್‌ಶಾಟ್ ತೆಗೆದು, ಓಸಿವ್ಯಾಲಿಡೇಟ್ ಟೂಲ್‌ನಲ್ಲಿ ಕಾನ್ಫಿಗ್ ಪರೀಕ್ಷಿಸಿದೆ. ಆಮೇಲೆ ಲೈಬ್ರರಿ, ಪ್ರಿಫರೆನ್ಸಸ್, ಸಿಸ್ಟಮ್‌ಕಾನ್ಫಿಗರೇಷನ್ ಫೋಲ್ಡರ್‌ನಲ್ಲಿರೋ ನೆಟ್‌ವರ್ಕ್‌ಇಂಟರ್‌ಫೇಸಸ್ ಮತ್ತು ಪ್ರಿಫರೆನ್ಸಸ್ ಅನ್ನೋ ಎರಡು ಪಿಲಿಸ್ಟ್ (ಸೆಟ್ಟಿಂಗ್ ಫೈಲ್) ಅಳಿಸಿ ರೀಸ್ಟಾರ್ಟ್. ಇದನ್ನು ಬಿಟ್ಟರೆ ಹಳೆಯ ಸುಳ್ಳು ಇಎನ್0 ನೆನಪಿನಲ್ಲೇ ಉಳಿದು, ನಿಜವಾದ ಪೋರ್ಟ್ ಇಎನ್1 ಆಗಿ ಕೂರುತ್ತೆ. ನೆಟ್ ಬಂತು.

ನೆಟ್ ಬಂತು, ಐಮೆಸೇಜ್ ಬರಲಿಲ್ಲ. ಕೇಳಿದರೆ "ಅದು ಆ್ಯಪಲ್ ಸರ್ವರ್ ಪ್ರಾಬ್ಲಂ, 24 ಗಂಟೆ ಕಾಯಿರಿ." ಕಾಯುತ್ತಾ ಅವನ ‘ಹ್ಯಾಪಿ ಕಸ್ಟಮರ್’ ಫೋಟೋಗಳನ್ನು ನೋಡುತ್ತಿದ್ದೆ. ಒಂದು ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಸೀರಿಯಲ್ ನಂಬರ್ ನನ್ನದೇ. ಇನ್ನೊಂದರಲ್ಲೂ ನನ್ನದೇ. ಮೂರನೆಯದರಲ್ಲೂ. ಯಾರದೋ ಬೇರೆ ಮಷೀನ್, ಬೇರೆ ವಾಲ್‌ಪೇಪರ್, ಸೀರಿಯಲ್ ಮಾತ್ರ ಒಂದೇ!

ಕಾನ್ಫಿಗ್‌ನ ಪ್ಲಾಟ್‌ಫಾರ್ಮ್‌ಇನ್ಫೋ ವಿಭಾಗದಲ್ಲಿ ಆರ್‌ಓಎಂ (ಪೋರ್ಟಿನ ಮ್ಯಾಕ್ ಅಡ್ರೆಸ್ ಬರೆಯೋ ಜಾಗ) ಸಂಖ್ಯೆ ನೋಡಿದೆ: 112233445566. ಇದು ಓಪನ್‌ಕೋರ್‌ನ ಸ್ಯಾಂಪಲ್ ಫೈಲಿನಲ್ಲಿ ಬರೋ ಸಂಖ್ಯೆ, ಮುಟ್ಟಿಯೇ ಇಲ್ಲ. ಒಂದೇ ಸೀರಿಯಲ್ ಹಿಡಿದುಕೊಂಡು ಇಷ್ಟು ಮಷೀನ್ ಬಂದರೆ ಆ್ಯಪಲ್ ಸುಮ್ಮನೆ ಬಿಡುತ್ತದೆಯೇ? ಸೀರಿಯಲ್ ಬಗ್ಗೆ ಕೇಳಿದ್ದಕ್ಕೆ ಬಂದ ಉತ್ತರ ಹಾಗೇ ಬರೆಯುತ್ತೇನೆ: "ಅದು ಲಕ್ಕಿ ಸೀರಿಯಲ್ ಸರ್, ಎಲ್ಲರಿಗೂ ವರ್ಕ್ ಆಗಿದೆ."

ಜೆನ್‌ಎಸ್‌ಎಂಬಯಾಸ್ ಅನ್ನೋ ಟೂಲ್‌ನಲ್ಲಿ ಐಮ್ಯಾಕ್20,1 (ಮಷೀನ್ ಹಾಕಿಕೊಳ್ಳೋ ಮ್ಯಾಕ್ ಮಾಡೆಲ್) ಹೆಸರಿಗೆ ಹೊಸ ಸೀರಿಯಲ್, ಎಂಎಲ್‌ಬಿ (ಬೋರ್ಡ್ ಸೀರಿಯಲ್), ಯುಯುಐಡಿ ಮಾಡಿಕೊಳ್ಳಿ. ಆ ಸೀರಿಯಲ್ ಆ್ಯಪಲ್‌ನ ಕವರೇಜ್ ಪುಟದಲ್ಲಿ ಯಾರದೋ ನಿಜವಾದ ಮ್ಯಾಕ್ ಅಂತ ಬಂದರೆ ಬಿಸಾಕಿ, ಬೇರೆ ಮಾಡಿ. ಆರ್‌ಓಎಂ ಜಾಗದಲ್ಲಿ ನಿಮ್ಮ ನಿಜ ಪೋರ್ಟಿನ ಮ್ಯಾಕ್ ಅಡ್ರೆಸ್, ಕೋಲನ್ ಇಲ್ಲದೆ. ಆ್ಯಪಲ್ ಐಡಿಯಿಂದ ಲಾಗೌಟ್ ಆಗಿ, ಎನ್‌ವಿರಾಮ್ (ಬೂಟ್ ಸೆಟ್ಟಿಂಗ್ ಉಳಿಯೋ ಮೆಮೊರಿ) ರೀಸೆಟ್ ಮಾಡಿ ಮತ್ತೆ ಲಾಗಿನ್ ಆಗಿ.

ವೈಫೈ ಕಾರ್ಡ್ ಕಥೆ ಹೇಳೋಕೆ ಇನ್ನೂ ನಾಚಿಕೆ. ಈಥರ್ನೆಟ್ ಗಲಾಟೆ ನಡೆಯುವಾಗಲೇ "ನೇಟಿವ್ ಕಾರ್ಡ್ ಹಾಕಿ ಸರ್, ಡ್ರೈವರೇ ಬೇಡ" ಅಂತ ಬಿಸಿಎಂ94360 ತಗುಲಿಸಿದ. ಸೊನೋಮಾಕ್ಕೆ ಹಿಂದಿನ ವೆಂಚುರಾವರೆಗೆ ಆ ಮಾತು ನಿಜ. 2023ರಲ್ಲಿ ಬಂದ ಸೊನೋಮಾದಲ್ಲಿ ಆ್ಯಪಲ್ ಆ ಕಾರ್ಡ್‌ಗಳ ಬೆಂಬಲ ಕಿತ್ತುಹಾಕಿದೆ. ಈಗ ಅದು ಓಡಬೇಕಾದರೆ ಓಪನ್‌ಕೋರ್ ಲೆಗಸಿ ಪ್ಯಾಚರ್ ಟೂಲ್‌ನ ರೂಟ್ ಪ್ಯಾಚ್ (ಸಿಸ್ಟಂ ಫೈಲುಗಳನ್ನೇ ತಿದ್ದೋದು) ಬೇಕು. ಅದಕ್ಕೆ ಕಾನ್ಫಿಗ್‌ನಲ್ಲಿ ಸೆಕ್ಯೂರ್‌ಬೂಟ್‌ಮಾಡೆಲ್ ಡಿಸೇಬಲ್ಡ್, ಸಿಎಸ್‌ಆರ್ (ಸಿಸ್ಟಂ ರಕ್ಷಣೆಯ ಸೆಟ್ಟಿಂಗ್) ಮೌಲ್ಯ 03080000, ಮೂಲ ಐಓಸ್ಕೈವಾಕ್‌ಫ್ಯಾಮಿಲಿಯನ್ನು ಬ್ಲಾಕ್ ಮಾಡಿ ಹಳೆಯದನ್ನು ಸೇರಿಸಬೇಕು, ಜೊತೆಗೆ ಐಓ80211ಫ್ಯಾಮಿಲಿಲೆಗಸಿ, ಎಎಂಎಫ್‌ಐಪಾಸ್. ಪ್ರತಿ ಅಪ್‌ಡೇಟ್ ಆದ ಮೇಲೆ ವೈಫೈ ಹೋಗುತ್ತೆ, ಮತ್ತೆ ಪ್ಯಾಚ್. ಇಷ್ಟೆಲ್ಲ ಹೇಳಿ ‘ನೇಟಿವ್’ ಅಂದರೆ ಏನರ್ಥ ಅಂತ ಕೇಳಿದೆ. "ಸೊನೋಮಾ ಹಾಕಿ ಅಂತ ನಾನು ಹೇಳಿದ್ನಾ ಸರ್?" ಅಂದ. ಸೊನೋಮಾ ಇಎಫ್‌ಐ ಮಾರಿದವನೇ!

ದೂರು ಕೊಡೋಕೂ ಜಾಗ ಇಲ್ಲ. ಮ್ಯಾಕ್‌ಓಎಸ್ ಲೈಸೆನ್ಸ್ ಆ್ಯಪಲ್ ಬ್ರ್ಯಾಂಡಿನ ಮಷೀನ್‌ಗೆ ಮಾತ್ರ ಅಂತ ಇದೆ, ಅದು ನಮಗೂ ಗೊತ್ತು, ಅವನಿಗೂ ಗೊತ್ತು, ಅದೇ ಅವನ ಧೈರ್ಯ. ಇಎಫ್‌ಐ ನೀವೇ ಕಟ್ಟಿ, ಎರಡು ಸಂಜೆ ಹೋದರೆ ಹೋಗಲಿ. ಕೊಂಡೇ ಕೊಳ್ಳುತ್ತೀರಾದರೆ ಬೂಟ್ ಮಾಡುವ ಮೊದಲು ಆರ್‌ಓಎಂ ಸಂಖ್ಯೆ ತೆಗೆದು ನೋಡಿ.

ನಾನು ಮೊದಲ ದಿನ ಕಳಿಸಿದ ಸ್ಕ್ರೀನ್‌ಶಾಟ್ ಈಗ ಅವನ ಹ್ಯಾಪಿ ಕಸ್ಟಮರ್ ಸಾಲಿನಲ್ಲಿದೆ. ಸೀರಿಯಲ್ ನಂಬರ್ ಮೇಲೆ ಕಪ್ಪು ಪಟ್ಟಿ ಎಳೆದಿದ್ದಾನೆ.