ರಸ್ತೆ ಬದಿಯ ಗರಸು ಇಳಿಜಾರಿಗೆ ಬೀಜದುಂಡೆಯೋ, ಗೀರು ಬಿತ್ತನೆಯೋ?

ಬೀಜದುಂಡೆ ಅಂದರೆ ಮಣ್ಣಲ್ಲಿ ಬೀಜ ಸೇರಿಸಿ ಕಟ್ಟಿದ ಉಂಡೆ. ಗೀರು ಬಿತ್ತನೆ ಅಂದರೆ ಇಳಿಜಾರಿಗೆ ಅಡ್ಡವಾಗಿ ಗೀರು ಹೊಡೆದು ಅದರಲ್ಲಿ ಬೀಜ ಹಾಕುವುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೀರು ಬಿತ್ತನೆಗೆ.

ಆಂಧ್ರದ ಮಡಕಶಿರಾ ಕಡೆ ನಮ್ಮ ಹೊಲದ ಮೇಲ್ಗಡೆ ರಸ್ತೆ ಅಗಲ ಮಾಡುವಾಗ ದಿಬ್ಬ ಕಡಿದರು. ಮೇಲ್ಮಣ್ಣು ಹೋಗಿ ಬರೀ ಕೆಂಪು ಗರಸು ಉಳಿಯಿತು. ಜೋರು ಮಳೆ ಬಂದಾಗಲೆಲ್ಲ ಅದು ಕೊಚ್ಚಿ ಬಂದು ಕಡಲೆಕಾಯಿ ಸಾಲಿನ ಮೇಲೆ ಕೂರುತ್ತಿತ್ತು. ರಸ್ತೆಯವರನ್ನು ಕೇಳಿಕೊಂಡು ಒಂದು ಭಾಗಕ್ಕೆ ಕೊಂಡು ತಂದ ಬೀಜದುಂಡೆ ಹಾಕಿದೆ. ಪಕ್ಕದಲ್ಲಿ ಅಡ್ಡಡ್ಡ ಗೀರು ಹೊಡೆದು ಬಿತ್ತಿದೆ. ಇನ್ನೊಂದು ತುಣುಕಿಗೆ ಸುಮ್ನೆ ಬೀಜ ಎರಚಿದೆ.

ಎರಚಿದ್ದನ್ನು ಇರುವೆ ಹೊತ್ತವು, ಉಳಿದದ್ದು ಚರಂಡಿ ಸೇರಿತು. ಅಷ್ಟೇ.

ತಲೆನೋವು ಬಂದಿದ್ದು ಬೀಜದುಂಡೆಯಿಂದ. ಸಮತಟ್ಟು ಜಾಗದಲ್ಲಿ ಅದು ಒಳ್ಳೆಯದೇ, ಮಣ್ಣಿನ ಹೊದಿಕೆ ಬೀಜವನ್ನು ಇರುವೆ, ಹಕ್ಕಿಗಳಿಂದ ಕಾಯುತ್ತದೆ. ಆದರೆ ಜೆಸಿಬಿ ನುಣ್ಣಗೆ ಕೆರೆದ ಇಳಿಜಾರಿನಲ್ಲಿ ಉಂಡೆ ನಿಲ್ಲಬೇಕಲ್ವಾ? ಹಾಕುತ್ತಿದ್ದಂತೆಯೇ ಉರುಳಿ ಬುಡಕ್ಕೆ ಹೋದವು. ಕಲ್ಲಿನ ಸಂದಿಗೆ ಸಿಕ್ಕಿಕೊಂಡಂಥವು ತುಂತುರು ಮಳೆಗೆ ನೆನೆದು, ಮತ್ತೆ ಬಿಸಿಲಿಗೆ ಗಟ್ಟಿಯಾಗಿ ಕೂತವು.

ಒಂದನ್ನು ಒಡೆದು ನೋಡಿದೆ. ಒಳಗಿದ್ದ ಬೇವಿನ ಬೀಜ ಒಣಗಿ ಕಪ್ಪಾಗಿತ್ತು. ಬೇವಿನ ಬೀಜಕ್ಕೆ ಆಯಸ್ಸು ಕಡಿಮೆ, ಹಣ್ಣು ಉದುರಿ ಕೆಲವು ವಾರಗಳಲ್ಲೇ ಮೊಳೆಯುವ ಶಕ್ತಿ ಹೋಗುತ್ತದೆ. ಹಿಂದಿನ ವರ್ಷದ ಬೇವಿನ ಉಂಡೆ ತಂದರೆ ಬರೀ ಮಣ್ಣು ತಂದಂತೆ. ಅದಕ್ಕಿಂತ ದೊಡ್ಡ ಮಾತು, ಅದರಲ್ಲಿ ಇದ್ದದ್ದೆಲ್ಲ ಮರದ ಬೀಜ: ಬೇವು, ಹೊಂಗೆ, ಹುಣಸೆ. ಕಡಿದ ದಿಬ್ಬಕ್ಕೆ ಮೊದಲು ಬೇಕಾದದ್ದು ಮಣ್ಣು ಹಿಡಿಯುವ ಹುಲ್ಲು. ಮಾರುವವರು ಇದನ್ನು ಹೇಳಬೇಕಿತ್ತು.

ಗೀರು ಬಿತ್ತನೆಗೆ ಖರ್ಚು ಕೂಲಿಯದ್ದೇ. ಪಿಕಾಸಿಯಲ್ಲಿ ಇಳಿಜಾರಿಗೆ ಅಡ್ಡವಾಗಿ ಗೀರಬೇಕು. ಮೇಲಿಂದ ಕೆಳಕ್ಕೆ ಗೀರಿದರೆ ನೀರೇ ಅದನ್ನು ಕೊರಕಲು ಮಾಡುತ್ತದೆ. ನಾನು ಹಾಕಿದ್ದು ಅಂಜನ್ ಹುಲ್ಲು, ಸ್ಟೈಲೋ (ದ್ವಿದಳ ಜಾತಿಯ ಮೇವಿನ ಗಿಡ), ತಂಗಡಿ (ಹಳದಿ ಹೂವಿನ ಪೊದೆ), ಜೊತೆಗೆ ಹುರುಳಿ. ಅಂಜನ್ ಬೀಜ ತುಪ್ಪಳದ ಥರ, ಒಂದಕ್ಕೊಂದು ಅಂಟಿ ಗಾಳಿಗೆ ಹಾರುತ್ತದೆ. ಒದ್ದೆ ಮರಳಲ್ಲಿ ಕಲಸಿದರೆ ಕೈಯಿಂದ ಸಲೀಸಾಗಿ ಬೀಳುತ್ತದೆ. ಅಂಜನ್‌ಗೆ ಹೊಸ ಬೀಜ ಬೇಡ, ಕೆಲವು ತಿಂಗಳು ಇಟ್ಟದ್ದೇ ಚೆನ್ನಾಗಿ ಮೊಳೆಯುತ್ತದೆ. ಸ್ಟೈಲೋವನ್ನು 80 ಡಿಗ್ರಿ ಬಿಸಿನೀರಲ್ಲಿ ನಾಲ್ಕೈದು ನಿಮಿಷ ಅದ್ದಬೇಕು, ಇಲ್ಲದಿದ್ದರೆ ಗಟ್ಟಿ ಸಿಪ್ಪೆಯಿಂದಾಗಿ ಹೆಚ್ಚಿನವು ಬೇಗ ಮೊಳೆಯುವುದಿಲ್ಲ. ಉಗುರಿನಷ್ಟು ಆಳ ಸಾಕು, ಮೇಲೆ ಒಂದಿಷ್ಟು ಒಣ ಹುಲ್ಲು.

ಕಾಲವೂ ಮುಖ್ಯ. ನಮ್ಮಲ್ಲಿ ನಂಬುವಂಥ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಜೂನ್ ಹನಿಗೆ ಮೊಳೆತದ್ದು ಜುಲೈ ಬಿಸಿಲಿಗೆ ಸಾಯುತ್ತದೆ. ಅದಕ್ಕೇ ಆಗಸ್ಟ್ ಕೊನೆಗೆ ಬಿತ್ತಿದೆ. ಮೊದಲು ಹುರುಳಿ ಹಬ್ಬಿ ನೆಲ ಮುಚ್ಚಿತು. ಅದು ಒಣಗುವ ಹೊತ್ತಿಗೆ ಅಂಜನ್ ಬುಡ ಕಟ್ಟಿತ್ತು. ಪ್ರತಿ ಗೀರಿನ ಹಿಂದೆಯೂ ಮಣ್ಣು ನಿಂತಿತ್ತು. ಹುರುಳಿಗೆ ಮೇಕೆ ನುಗ್ಗುತ್ತವೆ, ಜಾಲಿ ಮುಳ್ಳು ಹಾಕಬೇಕು. ತಂಗಡಿಗೆ ಆ ಭಯವಿಲ್ಲ, ಅವು ಅದನ್ನು ಮೂಸುವುದಿಲ್ಲ.

ಯಂತ್ರದಲ್ಲಿ ಬೀಜ, ಅಂಟು, ನೀರು ಬೆರೆಸಿ ಚಿಮ್ಮಿಸುವ ವಿಧಾನ ಹೆದ್ದಾರಿ ಗುತ್ತಿಗೆದಾರರಿಗೆ ಸರಿ, ನನ್ನಂಥವರಿಗಲ್ಲ. ತೀರಾ ಕಡಿದಾದ ಕಡೆ ಮಾತ್ರ ಗೀರೂ ನಿಲ್ಲಲಿಲ್ಲ. ಅಲ್ಲಿಗೆ ತೆಂಗಿನ ನಾರಿನ ಬಲೆ ಹಾಸಿ, ಅದರ ಕೆಳಗೆ ಇದೇ ಬೀಜ ಹಾಕುವ ಯೋಚನೆ ಇದೆ. ಬಲೆಗೆ ದುಡ್ಡು ಜಾಸ್ತಿ, ಆ ಒಂದು ತುಣುಕಿಗೆ ಸಾಕಾಗುವಷ್ಟೇ ತರುತ್ತೇನೆ.