ಗಿಟ್‌ಹಬ್ ಕ್ಲಾಸ್‌ರೂಮ್, ಮೂರು ವರ್ಷ ಬಳಸಿದ ಮೇಲೆ

"ಸರ್, ನನ್ನ ಪ್ರಾಜೆಕ್ಟ್ ನೋಡೇ ಇಲ್ವಾ?" ಮಕ್ಕಳಿಗೆ ಪ್ರೋಗ್ರಾಮಿಂಗ್ ಅಸೈನ್‌ಮೆಂಟ್ ಕೊಡೋಕೆ, ತಿದ್ದೋಕೆ ನಾನು ಬಳಸೋದು ಗಿಟ್‌ಹಬ್ ಕ್ಲಾಸ್‌ರೂಮ್, ಅಂದ್ರೆ ಕೋಡ್ ಇಡೋ ಜಾಲತಾಣ ಗಿಟ್‌ಹಬ್‌ನಲ್ಲಿ ಶಿಕ್ಷಕರಿಗಾಗಿ ಇರೋ ಸಾಧನ. ಮೊದಲ ವರ್ಷ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ನೋಡಿರುತ್ತಿದ್ದೆ, ಕೂತು ಕಾಮೆಂಟ್ ಕೂಡ ಹಾಕಿರುತ್ತಿದ್ದೆ. ಅದು ಎಲ್ಲಿರುತ್ತೆ ಅಂತ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಅಸೈನ್‌ಮೆಂಟ್ ಮಾಡುವಾಗ ಫೀಡ್‌ಬ್ಯಾಕ್ ಪುಲ್ ರಿಕ್ವೆಸ್ಟ್ (ಕೋಡ್‌ನ ಬದಲಾವಣೆ ನೋಡಿ ಮಾತಾಡೋ ಪುಟ) ಆಯ್ಕೆಗೆ ಟಿಕ್ ಹಾಕಿದರೆ ಪ್ರತಿ ವಿದ್ಯಾರ್ಥಿಯ ರೆಪೊದಲ್ಲಿ (ಅವರ ಕೋಡ್ ಇರೋ ಜಾಗ) 'ಫೀಡ್‌ಬ್ಯಾಕ್' ಅನ್ನೋ ಹೆಸರಲ್ಲಿ ಒಂದು ಪುಲ್ ರಿಕ್ವೆಸ್ಟ್ ತಾನಾಗಿಯೇ ತೆರೆದುಕೊಳ್ಳುತ್ತೆ. ನಾನು ಬರೆಯೋದೆಲ್ಲ ಅದರೊಳಗೆ. ಮಕ್ಕಳು ಮಾತ್ರ ಕೋಡ್ ಪುಟ ತೆರೆದು, ಆಟೋಗ್ರೇಡಿಂಗ್‌ನ (ಕೋಡನ್ನ ತಾನಾಗಿಯೇ ಪರೀಕ್ಷಿಸೋ ವ್ಯವಸ್ಥೆ) ಕೆಂಪು ಗುರುತು ನೋಡಿ, ಇಷ್ಟೇ ಅಂದುಕೊಂಡು ಮುಚ್ಚುತ್ತಾರೆ. ಇನ್ನು ಕೆಲವರಿಗೆ ರೆಪೊನೇ ಸಿಗಲ್ಲ. ಅದು ಅವರ ಪ್ರೊಫೈಲ್‌ನಡಿ ಇರದೆ ಕ್ಲಾಸಿನ ಆರ್ಗನೈಸೇಶನ್ (ಇಡೀ ಕ್ಲಾಸಿನ ಗುಂಪು ಖಾತೆ) ಅಡಿ ಇರುತ್ತೆ, ಅವರು ಹುಡುಕೋದು ತಮ್ಮ ಪ್ರೊಫೈಲ್‌ನಲ್ಲಿ. ಮೊದಲು ಕೊಟ್ಟ ಅಸೈನ್‌ಮೆಂಟ್ ಲಿಂಕನ್ನೇ ಮತ್ತೆ ಒತ್ತಿದರೆ ರೆಪೊಗೆ ದಾರಿ ಸಿಗುತ್ತೆ.

ನನ್ನ ಎಡವಟ್ಟೂ ಒಂದಿದೆ. ಒಂದು ಸಲ ಇಡೀ ಕ್ಲಾಸಿನ ಪ್ರಾಜೆಕ್ಟ್‌ಗಳಿಗೆ 'ಸ್ಟಾರ್ಟ್ ಎ ರಿವ್ಯೂ' ಒತ್ತಿ ಕಾಮೆಂಟ್ ಬರೆದೆ, ಕೊನೆಗೆ 'ಸಬ್ಮಿಟ್ ರಿವ್ಯೂ' ಒತ್ತೋದು ಮರೆತೆ. ಪಕ್ಕದಲ್ಲೇ 'ಪೆಂಡಿಂಗ್' ಅಂತ ಬರೆದಿತ್ತು, ಕಣ್ಣಿಗೆ ಬೀಳಲಿಲ್ಲ. ಸಬ್ಮಿಟ್ ಮಾಡೋವರೆಗೂ ಆ ಕಾಮೆಂಟ್‌ಗಳು ನಮಗೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ. ಒಂದು ವಾರ ನಾನು 'ಓದಿದ್ರಾ' ಅಂತ ಕೇಳ್ತಾ ಇದ್ದೆ, ಅವರು ಪಾಪ ಮುಖ ಮುಖ ನೋಡಿಕೊಳ್ತಾ ಇದ್ದರು.

ಆದರೂ ಇದನ್ನ ಬಿಡಲು ಮನಸ್ಸಿಲ್ಲ, ಯಾಕಂದ್ರೆ ತಪ್ಪು ಇರೋ ಸಾಲಿನ ಕೆಳಗೇ ಮಾತಾಡಬಹುದು. ಸರಾಸರಿ ಅಂಕ ಲೆಕ್ಕ ಹಾಕೋ ಪೈಥಾನ್ ಪ್ರೋಗ್ರಾಂನಲ್ಲಿ ಒಬ್ಬಳು ಲಿಸ್ಟ್ ಸುತ್ತೋ ಲೂಪನ್ನ 0 ಬದಲು 1ರಿಂದ ಶುರು ಮಾಡಿದ್ದಳು. ಪೈಥಾನ್‌ನಲ್ಲಿ ಲಿಸ್ಟ್‌ನ ಎಣಿಕೆ ಶುರುವಾಗೋದು 0ಯಿಂದ. 'ಮೊದಲನೆಯವರ ಅಂಕ ಎಲ್ಲಿ ಹೋಯ್ತು?' ಅಂತಷ್ಟೇ ಆ ಸಾಲಿಗೆ ಬರೆದೆ. ಅಲ್ಲೇ ಉತ್ತರ ಬಂತು, 'ಅಯ್ಯೋ, ಬಿಟ್ಟೇ ಹೋಗಿದ್ದಾರೆ ಸರ್!' ಇಮೇಲ್‌ನಲ್ಲಿ ನಾನು 'ಹದಿನಾಲ್ಕನೇ ಸಾಲು ನೋಡಿ' ಅಂತ ಬರೆದಿದ್ದರೆ ಇದು ಆಗ್ತಾ ಇರಲಿಲ್ಲ, ಅಲ್ವಾ?

ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಜಾಸ್ತಿ ಇಲ್ಲ. 'ಪುಲ್ ರಿಕ್ವೆಸ್ಟ್ಸ್' ಟ್ಯಾಬ್ ಒತ್ತಿ, 'ಫೀಡ್‌ಬ್ಯಾಕ್' ತೆರೆಯಿರಿ. 'ಫೈಲ್ಸ್ ಚೇಂಜ್ಡ್'ನಲ್ಲಿ ಕಾಮೆಂಟ್ ಆಯಾ ಸಾಲಿನ ಕೆಳಗೆ ಇರುತ್ತೆ. ಆದರೆ ಆ ಸಾಲನ್ನ ನೀವು ಬದಲಾಯಿಸಿ ಪುಶ್ ಮಾಡಿದರೆ (ಗಿಟ್‌ಹಬ್‌ಗೆ ಕಳಿಸಿದರೆ) ಕಾಮೆಂಟ್ ಅಲ್ಲಿಂದ ಮಾಯವಾಗಬಹುದು. ಗಾಬರಿ ಬೇಡ, 'ಕಾನ್ವರ್ಸೇಶನ್'ನಲ್ಲಿ 'ಔಟ್‌ಡೇಟೆಡ್' ಅನ್ನೋ ಗುರುತಿನ ಜೊತೆ ಹಾಗೇ ಉಳಿದಿರುತ್ತೆ. ಹಸಿರು ಮರ್ಜ್ ಬಟನ್ ಮಾತ್ರ ಮುಟ್ಟಬೇಡಿ. ಒತ್ತಿದರೆ ಪುಲ್ ರಿಕ್ವೆಸ್ಟ್ ಮುಗಿದುಹೋಗುತ್ತೆ, ಆಮೇಲೆ ಮಾಡಿದ ಕೆಲಸ ಆ ಪುಲ್ ರಿಕ್ವೆಸ್ಟ್‌ಗೆ ಬರಲ್ಲ. ಪ್ರತಿ ಸಲ ಒಬ್ಬರಾದರೂ ಒತ್ತೇ ಒತ್ತುತ್ತಾರೆ.

ನಕ್ಷತ್ರ ಕೊಡೋದಾದ್ರೆ ಐದಕ್ಕೆ ನಾಲ್ಕು. ಈಗ ನಾನು ಮೊದಲ ಅಸೈನ್‌ಮೆಂಟ್‌ನಲ್ಲೇ ಎಲ್ಲರಿಗೂ ಒಂದು ಕಾಮೆಂಟ್ ಹಾಕುತ್ತೇನೆ: 'ಇದು ಸಿಕ್ಕಿದ್ರೆ ಒಂದು ಹೆಬ್ಬೆರಳ ಗುರುತು (👍) ಒತ್ತಿ.' ಒತ್ತದವರ ಪಕ್ಕ ಮರುದಿನ ಕುರ್ಚಿ ಎಳೆದುಕೊಂಡು ಕೂರುತ್ತೇನೆ.